ಕಪ್-ಬಶಿ ಕಟ್ಟಿಟ್ಟ ಹನ್ನೆರಡು ದಿನ

ನಮ್ಮ ಮಾವನವರ ಎಡಗೈ ತೋರುಬೆರಳಿಗೆ ಈ ಜನವರಿಯವರೆಗೆ ಒಂದು ಚುಕ್ಕೆ ಶಾಯಿ ತಾಗಿದ್ದಿಲ್ಲ. ವಯಸ್ಸು ಅರವತ್ತಾರು, ಅಪ್ಪನ ಜೊತೆ ಕುಂದಾಪುರದಿಂದ ನಾಸಿಕಿಗೆ ಬಂದು ನಲವತ್ತನಾಲ್ಕು ವರ್ಷ. ವೋಟು ಹಾಕಿಲ್ಲ ಅಂತ ನಾಚಿಕೊಂಡು ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ. ಎದೆ ಉಬ್ಬಿಸಿ ಹೇಳುತ್ತಿದ್ದರು ಮಾರಾಯ್ರೆ, ಅದಕ್ಕೇ ನನಗೆ ಮೈ ಉರಿಯುತ್ತಿದ್ದದ್ದು.

ಸಾತ್ಪುರದಲ್ಲಿ ಬಸ್ ಸ್ಟಾಪಿನ ಎದುರು ನಮ್ಮ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ಮಾವ ಕೃಷ್ಣರಾಜ ಗಲ್ಲಾದಲ್ಲಿ ದುಡ್ಡು ತಗೊಳ್ಳುವುದು, ಅತ್ತೆ ಗುಣವತಿ ಅಡುಗೆಮನೆಯಲ್ಲಿ, ನನ್ನ ಗಂಡ ರಾಕೇಶ ಮಾರ್ಕೆಟ್ಟು, ಗ್ಯಾಸು, ಹಾಲು ಅಂತ ಓಡಾಟದಲ್ಲಿ. ನಾನು ಹರ್ಷಿಣಿ, ಎಲ್ಲಿ ಕೈ ಸಾಲದೋ ಅಲ್ಲಿ. ಮಗಳು ಅಶ್ವಿತಾಳಿಗೆ ಹತ್ತೊಂಬತ್ತು ನಡೆಯುತ್ತಿತ್ತು, ಮೊದಲ ಸಲ ವೋಟರ್ ಕಾರ್ಡು ಬಂದಿತ್ತು.

ಮಾವನ ಅಪ್ಪ ಹೋಟೆಲು ಹಾಕಿದ ಹೊಸದರಲ್ಲಿ ಯಾವುದೋ ಚುನಾವಣೆಗೆ ಒಬ್ಬನ ಪರವಾಗಿ ನಾಲ್ಕು ಮಾತಾಡಿದ್ದರಂತೆ. ಅವನು ಸೋತ. ಗೆದ್ದವನ ಕಡೆಯವರು ಬಂದು ಸಾಂಬಾರಿನ ಕೊಪ್ಪರಿಗೆಯನ್ನೇ ಮಗುಚಿ ಹಾಕಿ ಹೋದರಂತೆ. ಅವತ್ತಿನಿಂದ ಕಾನೂನು: ಗಲ್ಲಾದಲ್ಲಿ ಕೂತವನಿಗೆ ಪಾರ್ಟಿ ಇಲ್ಲ. ಪಾರ್ಟಿ ಇಲ್ಲದವನಿಗೆ ವೋಟು ಯಾಕೆ? ಯಾರು ಗೆದ್ದು ಬಂದರೂ, ಯಾರು ಸೋತು ಬಂದರೂ ಮಾವ ಬೆರಳು ಎತ್ತಿ ತೋರಿಸುವುದು: "ನೋಡಿ, ನಿಮ್ಮ ವಿರುದ್ಧ ಹಾಕಿದವನಲ್ಲ ನಾನು." ಗಲ್ಲಾದವನ ಕಾನೂನು ಮೆಲ್ಲಗೆ ಅತ್ತೆಗೂ ಬಂತು, ಗಂಡನಿಗೂ ಬಂತು, ಮದುವೆಯಾಗಿ ಬಂದ ನನಗೂ ಅಂಟಿತು.

"ವೋಟಿನ ಚೀಟಿ ಹಂಚುವವರು ಇಡೀ ಗಲ್ಲಿ ತಿರುಗ್ತಾರೆ, ನಮ್ಮ ಮೆಟ್ಟಿಲು ಮಾತ್ರ ಹತ್ತುವುದಿಲ್ಲ. ನೋಡಿದ್ಯಾ, ಎಷ್ಟು ಮರ್ಯಾದೆ!" ಅನ್ನುತ್ತಿದ್ದರು ಮಾವ.

ಈ ಸಲ ಮಹಾನಗರಪಾಲಿಕೆ ಚುನಾವಣೆ ಬಂದದ್ದು ಒಂಬತ್ತು ವರ್ಷದ ಮೇಲೆ. ನಮ್ಮ ಮನೆಯ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ಗಿರಾಕಿಗಳದ್ದೆಲ್ಲ ಮುಗಿದ ಮೇಲೆ. ಹೋಟೆಲಿನದ್ದು ನಾವು ಉಣ್ಣುವುದಿಲ್ಲ. ಕುಚ್ಚಲಕ್ಕಿ ಗಂಜಿ, ಚಟ್ನಿ, ಊರಿಂದ ಬಂದ ಮಾವಿನಮಿಡಿ. ಅವತ್ತು ಅಶ್ವಿತಾ ಕಾಲೇಜಿನಿಂದ ಸೀದಾ ಬಂದು ಒಂದು ಕಾಗದ ಹಾಸಿದಳು. ಕಾಲೇಜಿನವರು ಅವಳನ್ನು ಮತದಾನ ಜಾಗೃತಿಗೆ ಹಾಕಿದ್ದರು. ರಂಗೋಲಿ, ಬೀದಿನಾಟಕ, ಮನೆಮನೆ ತಿರುಗುವುದು.

"ಅಜ್ಜ, ನಮ್ಮ ಗಲ್ಲಿಯಲ್ಲಿ ಕಳೆದ ಸಲ ನೂರಕ್ಕೆ ನಲವತ್ತೊಂದು. ಆಮಚಂ ಘರ, ನಮ್ಮ ಮನೆ? ಝೀರೋ!"

"ಗಂಜಿ ಕುಡಿ," ಅಂದರು ಮಾವ.

"ನಾನು ಬೇರೆಯವರ ಬಾಗಿಲು ಬಡಿದು ವೋಟು ಹಾಕಿ ಅಂತ ಹೇಳ್ಬೇಕು. ನಿಮ್ಮನೆಯವರು ಹಾಕ್ತಾರಾ ಅಂತ ಕೇಳಿದ್ರೆ ಕಾಯ್ ಸಾಂಗು, ಎಂತ ಹೇಳ್ಲಿ?"

"ಹೋಟೆಲಿನವರು ಅಂತ ಹೇಳು."

ಆಗ ಅತ್ತೆ ಬಾಯಿ ಬಿಟ್ಟರು. ಅತ್ತೆ ಊಟದಲ್ಲಿ ಮಾತಾಡುವವರೇ ಅಲ್ಲ. "ಈ ಸಲ ನಾನು ಹಾಕ್ತೇನೆ. ನಮ್ಮ ರೇಷ್ಮಾ ನಿಂತಿದ್ದಾಳೆ."

ರೇಷ್ಮಾ ನಮ್ಮ ಅಡುಗೆಮನೆಯಲ್ಲಿ ಮೆಟ್ಟುಕತ್ತಿಯ ಮುಂದೆ ಕೂತು ಒಂಬತ್ತು ವರ್ಷ ಈರುಳ್ಳಿ ಹೆಚ್ಚಿದವಳು. ನಿಫಾಡ್ ಕಡೆ ದ್ರಾಕ್ಷಿ ತೋಟದ ಕೆಲಸದಲ್ಲಿದ್ದವಳು ಮದುವೆಯಾಗಿ ಇಲ್ಲಿಗೆ ಬಂದದ್ದು. ನಮ್ಮಲ್ಲಿ ಕೆಲಸ ಬಿಟ್ಟ ಮೇಲೆ ಖಾಲಿ ಕೊಡ ಹಿಡಿದ ಮೂವತ್ತು ಹೆಂಗಸರನ್ನು ಕಟ್ಟಿಕೊಂಡು ಪಾಲಿಕೆ ಆಫೀಸಿನ ಎದುರು ಮೂರು ದಿನ ಕೂತು ಹಿಂದಿನ ಗಲ್ಲಿಗೆ ನಲ್ಲಿ ನೀರು ತರಿಸಿದಳು. ಈಗ ಹೆಂಗಸರ ಸೀಟಿಗೆ ಪಕ್ಷೇತರಳಾಗಿ ನಿಂತಿದ್ದಳು.

"ಯಾರಾದರೂ ನಿಲ್ಲಲಿ. ನಮಗೆ ಪಾರ್ಟಿ ಇಲ್ಲ," ಅಂದರು ಮಾವ.

"ಅವಳಿಗೂ ಪಾರ್ಟಿ ಇಲ್ಲ. ಅದಕ್ಕೇ ಹಾಕ್ತೇನೆ ಅಂದದ್ದು."

"ಅವಳ ಎದುರು ನಿಂತದ್ದು ಯಾರು ಗೊತ್ತುಂಟಾ? ಪ್ರಭಾಕರ ಭಾವು ಹೆಂಡತಿ. ನಾಲ್ಕನೇ ಟೇಬಲ್ಲು! ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಹನ್ನೆರಡು ಜನ ಕರ್ಕೊಂಡು ಬರ್ತಾರೆ. ನೀನು ಹೋಗಿ ಸಾಲಲ್ಲಿ ನಿಂತ್ರೆ ಸಂಜೆಗೆ ಊರಿಗೆಲ್ಲ ಗೊತ್ತಾಗ್ತದೆ. ಬೇಡ ಅಂದ್ರೆ ಬೇಡ."

ಅತ್ತೆ ಬಟ್ಟಲು ಎತ್ತಿಕೊಂಡು ಎದ್ದರು. ನಾನು ಮದುವೆಯಾಗಿ ಬಂದ ಮೇಲೆ ಅವರು ಗಂಜಿ ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು.

ಮರುದಿನ ಚುನಾವಣೆಯ ಚಿಹ್ನೆ ಹಂಚಿದರು. ರೇಷ್ಮಾಗೆ ಬಂದದ್ದು ಏನು ಅಂತೀರಿ? ಕಪ್-ಬಶಿ! ಚಹಾದ ಕಪ್ಪು, ಕೆಳಗೆ ಸಾಸರು. ನಮ್ಮ ಹೋಟೆಲಿನಲ್ಲಿ ಹದಿನಾಲ್ಕು ಟೇಬಲ್ಲು, ಯಾವ ಹೊತ್ತಿಗೆ ನೋಡಿದರೂ ಮೂವತ್ತು ಕಪ್-ಬಶಿ.

ಪ್ರಭಾಕರ ಭಾವು ನಮ್ಮ ಗಲ್ಲಿಯ ಪಾರ್ಟಿ ಲೀಡರು, ಮರಾಠಿಯಲ್ಲಿ ಭಾವು ಅಂದರೆ ಅಣ್ಣ. ಬೆಳಿಗ್ಗೆ ಬಂದವರು ಕೂರಲೇ ಇಲ್ಲ. ಟೇಬಲ್ಲುಗಳನ್ನೆಲ್ಲ ಒಮ್ಮೆ ನೋಡಿದರು. "ಅಣ್ಣಾ, ಇದೆಂತ ಪ್ರಚಾರ ಸಭೆಯೋ, ಹೋಟೆಲೋ?"

ನಕ್ಕುಕೊಂಡೇ ಹೇಳಿದ್ದು. ಬೇರೆಯವರಾಗಿದ್ದರೆ ತಾವೂ ನಕ್ಕು ಬಿಡುತ್ತಿದ್ದರು. ನಮ್ಮ ಮಾವ ಬಿಟ್ಟಾರಾ! ಭಾವು ಆ ಕಡೆ ಹೋದದ್ದೇ ತಡ, "ದೀಪಕ, ಕಪ್ಪೆಲ್ಲ ತೊಳೆದು ಪೇಪರು ಸುತ್ತಿ ಮೇಲೆ ಕಟ್ಟಿಡು. ಚುನಾವಣೆ ಮುಗಿಯುವವರೆಗೆ ಚಹಾ ಸ್ಟೀಲು ಗ್ಲಾಸಲ್ಲಿ!" ಅಂದರು. ಚಿಹ್ನೆ ಬಂದ ದಿನದಿಂದ ವೋಟಿನ ದಿನಕ್ಕೆ ಹನ್ನೆರಡು ದಿನ ಬಾಕಿ.

ದೀಪಕ ನಮ್ಮ ಸಪ್ಲಾಯರು, ಬೈಂದೂರಿನವನು, ಇಬ್ಬರು ಮಕ್ಕಳ ಅಪ್ಪ, ಸುಳ್ಳು ಹೇಳಲು ಬಾರದವನು. ಜನವರಿಯ ಚಳಿಗೆ ಸುಡುವ ಸ್ಟೀಲು ಗ್ಲಾಸು ಹಿಡಿದ ಪ್ರತಿಯೊಬ್ಬ ಗಿರಾಕಿಯೂ ಹಾಯ್ ಹೂಯ್ ಅಂತ ಬೆರಳು ಊದಿಕೊಂಡು ಕೇಳುವುದು: "ಅರೇ, ಕಪ್-ಬಶಿ ಕುಠೇ ಗೇಲೀ? ಎಲ್ಲಿ ಹೋಯ್ತು?" ದೀಪಕ ಪ್ರತಿಯೊಬ್ಬರಿಗೂ ಬಗ್ಗಿ ವಿನಯದಿಂದ ಹೇಳುವುದು: "ಸಾಹೇಬ, ಕಪ್-ಬಶಿ ರೇಷ್ಮಾಕ್ಕನ ಚಿಹ್ನೆ. ನಮ್ಮ ಶೇಟರು ಯಾರ ಪರವೂ ಅಲ್ಲ, ಅದಕ್ಕೆ ಕಟ್ಟಿಟ್ಟಿದ್ದೇವೆ."

ದಿನಕ್ಕೆ ನಾನೂರು ಸಲ! ರೇಷ್ಮಾಳ ಹತ್ತಿರ ಪೋಸ್ಟರು ಹಚ್ಚಲು ಕಾಸಿರಲಿಲ್ಲ, ಬಾಡಿಗೆ ರಿಕ್ಷಾ ಇರಲಿಲ್ಲ, ಮೈಕು ಇರಲಿಲ್ಲ. ನಮ್ಮ ಮಾವ ಇದ್ದರು.

ಅತ್ತೆ ಆ ಹೊತ್ತಿಗೆ ತಮ್ಮದೇ ಒಂದು ಚಳವಳಿ ಶುರು ಮಾಡಿದ್ದರು. ನಮ್ಮಲ್ಲಿ ಅತ್ತೆ ರುಚಿ ನೋಡದೆ ಸಾಂಬಾರು ಹೊರಗೆ ಹೋಗುವುದಿಲ್ಲ. ಬೆಳಿಗ್ಗೆ ಆರೂವರೆಗೆ ಸೌಟಿನಿಂದ ಅಂಗೈಗೆ ಎರಡು ಹನಿ ಹಾಕಿಕೊಂಡು ನೆಕ್ಕಿ, ಉಪ್ಪು ಬೇಕು, ಹುಳಿ ಸಾಕು ಅಂತ ಹೇಳಿದರೇ ಆಯಿತು. ಅವತ್ತು ನೆಕ್ಕಿದರು, ಸೆರಗಿಗೆ ಕೈ ಒರೆಸಿಕೊಂಡರು, ಸುಮ್ಮನೆ ಕೂತರು.

"ಅತ್ತೆ, ಉಪ್ಪು?"

"ನಂಗೆ ಪಾರ್ಟಿ ಇಲ್ಲ."

"ಎಂತ?"

"ಹೆಚ್ಚಿರಲಿ, ಕಡಿಮೆ ಇರಲಿ, ನಾನು ಯಾರ ಪರವೂ ಅಲ್ಲ. ನಾನೂ ಈ ಮನೆಯವಳಲ್ವಾ ಹರ್ಷಿಣಿ?"

ನನಗೆ ನಗು ತಡೆಯಲಾಗದೆ ಹಿಟ್ಟಿನ ಡಬ್ಬಿಯ ಹಿಂದೆ ಮುಖ ಮರೆಸಿಕೊಂಡೆ. ಆದರೆ ನಗುವಷ್ಟು ಸುಲಭದ್ದಲ್ಲ ಅದು. ನನ್ನ ನಾಲಿಗೆಗೆ ಎಲ್ಲವೂ ಸರಿ ಅನಿಸುತ್ತದೆ, ಮಾವನಿಗೆ ಬಿ.ಪಿ., ಉಪ್ಪು ತಿನ್ನದೆ ಹತ್ತು ವರ್ಷ. ಮೊದಲ ದಿನ ಸಪ್ಪೆ. ಎರಡನೇ ದಿನ ಅದನ್ನು ಸರಿ ಮಾಡಲು ಹೋಗಿ ನಾನು ಕೈ ಬಿಟ್ಟು ಹಾಕಿದೆ. ಮೂರನೇ ದಿನ ನಾಲ್ಕನೇ ಟೇಬಲ್ಲಿನಿಂದ ಒಬ್ಬರು ಕೂಗಿದರು: "ಅಣ್ಣಾ, ನಿಮ್ಮ ಊರಿನ ಸಮುದ್ರವನ್ನೇ ತಂದು ಹೊಯ್ದಿರಾ?"

ಮಾವ ಅಡುಗೆಮನೆಗೆ ಬಂದರು. "ಗುಣವತಿ, ಇದೆಂತ ಆಟ? ಜನ ಇಡ್ಲಿ ಬಿಟ್ಟು ಏಳ್ತಿದ್ದಾರೆ."

"ಉಪ್ಪಿನವರಿಗೂ ಬೇಜಾರಾಗಬಾರದು, ಸಪ್ಪೆಯವರಿಗೂ ಬೇಜಾರಾಗಬಾರದು ಅಂತ ನೋಡ್ತಿದ್ದೇನೆ."

"ವೋಟೂ ಸಾಂಬಾರೂ ಒಂದೇ ಏನೇ?"

"ಮತ್ತೆಂತ? ನೀವು ಬಾಯಿ ಮುಚ್ಚಿ ಕೂತ್ರೆ ಯಾರೋ ಹಾಕಿದಷ್ಟು ಉಪ್ಪು ತಿನ್ಬೇಕು!"

ಮಾವ ದೋಸೆ ಹೆಂಚಿನ ಮೇಲೆ ಸಿಟ್ಟು ತೀರಿಸಿ, ಅದರ ಎಣ್ಣೆ ಜಾಸ್ತಿಯಾಯಿತು ಅಂತ ನನಗೆ ಬೈದು ಹೋದರು. ಅತ್ತೆ ಅಲ್ಲೇ ಫೋನು ತೆಗೆದು ತಂಗಿ ಉಮಾಶ್ರೀಗೆ ವರದಿ ಒಪ್ಪಿಸಿದರು. ಉಮಾಶ್ರೀ ಚಿಕ್ಕಮ್ಮ ಇರುವುದು ಸಂಭಾಜಿನಗರದಲ್ಲಿ, ಬಿಡಕಿನ್ ಫ್ಯಾಕ್ಟರಿಗೆ ಹೋಗುವ ಹುಡುಗರಿಗೆ ಊಟದ ಮೆಸ್ ನಡೆಸುತ್ತಾರೆ. ಅವರಲ್ಲೂ ಅದೇ ದಿನ ವೋಟು.

"ಅಕ್ಕಾ, ನಾನು ಪ್ರತಿ ಸಲ ಬೆಳಿಗ್ಗೆ ಮೆಸ್ ಮುಚ್ಚಿಯೇ ಹಾಕಿ ಬರ್ತೇನೆ," ಚಿಕ್ಕಮ್ಮನ ಗಂಟಲು ಫೋನಿನಿಂದ ಇಡೀ ಅಡುಗೆಮನೆಗೆ ಕೇಳುತ್ತಿತ್ತು. "ಭಾವನಿಗೆ ಹೇಳು, ಯಾರೂ ನನ್ನ ಕೊಪ್ಪರಿಗೆ ಮಗುಚಲಿಲ್ಲ ಅಂತ!"

ಐದನೇ ದಿನಕ್ಕೆ ಕಪ್-ಬಶಿಯ ಸುದ್ದಿ ಸಾತ್ಪುರ ದಾಟಿತು. ಯಾರೋ ನಮ್ಮ ಸ್ಟೀಲು ಗ್ಲಾಸಿನ ವೀಡಿಯೊ ಮಾಡಿ ಬಿಟ್ಟರು. ಕಾಲೇಜಿನ ಹುಡುಗರು ಸುಮ್ಮನೆ ತಮಾಷೆಗೆ ಬಂದು, "ಏಕ ಚಹಾ, ಕಪ್-ಬಶೀಮಧ್ಯೇ!" ಅಂತ, ಕಪ್-ಬಶಿಯಲ್ಲೇ ಬೇಕು ಅಂತ ಕೂಗಿ, ದೀಪಕ ಭಾಷಣ ಕೊಡುವುದನ್ನು ಕೇಳಿ ಚಪ್ಪಾಳೆ ತಟ್ಟುವುದು. ರಾಕೇಶ ಅಪ್ಪನಿಗೆ ಹೇಳಿ ನೋಡಿದರು: "ಅಪ್ಪ, ಕಪ್ಪು ಇಳಿಸಿ ಬಿಡುವಾ. ಕಟ್ಟಿಟ್ಟದ್ದೇ ದೊಡ್ಡ ಪ್ರಚಾರ ಆಗಿದೆ." ಮಾವ ಒಪ್ಪಲಿಲ್ಲ. ಈಗ ಇಳಿಸಿದರೆ ಅವಳ ಪರ ಅಂತಾಗುತ್ತದಂತೆ. ಇಟ್ಟರೂ ಕಷ್ಟ, ತೆಗೆದರೂ ಕಷ್ಟ, ಪಾಪ.

ಸಂಕ್ರಾಂತಿಗೆ ಎರಡು ದಿನ ಇರುವಾಗ ಪ್ರಭಾಕರ ಭಾವು ಮತ್ತೆ ಬಂದರು. ಈ ಸಲ ಮುಖದಲ್ಲಿ ನಗು ಇರಲಿಲ್ಲ. "ಅಣ್ಣಾ, ಎಂತ ಮಾಡಿಟ್ರಿ? ಎಲ್ಲಿ ಹೋದರೂ ಜನ ಕಪ್-ಬಶಿ ಅಂತಾರೆ."

ಮಾವ ದೇವರ ಫೋಟೋ ಕಡೆ ಕೈ ಮಾಡಿ, ಬೆರಳು ಎತ್ತಿದರು. "ಮೂಕಾಂಬಿಕೆಯಾಣೆ ಭಾವು, ನಾನು ಈವರೆಗೆ ಯಾರಿಗೂ ವೋಟೇ ಹಾಕಿಲ್ಲ."

"ಅದು ನಮಗೆ ಗೊತ್ತಿಲ್ವಾ!" ಭಾವು ಮಾವನ ಭುಜ ತಟ್ಟಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಸಮಾಧಾನ ಮಾಡಲೆಂದೇ ಹೇಳಿದ್ದು. "ನಮ್ಮ ಪಟ್ಟಿಯಲ್ಲಿ ನಿಮ್ಮ ಮನೆಗೆ ಅಡ್ಡಗೆರೆ ಎಳೆದು ಎಷ್ಟೋ ವರ್ಷ ಆಯ್ತು. ಎಲ್ಲ ಪಾರ್ಟಿಯವರೂ ಎಳೆದಿದ್ದಾರೆ. ಹುಡುಗರಿಗೆ ಹೇಳಿದ್ದೇನೆ, ಅಲ್ಲಿಗೆ ಚೀಟಿ ಕೊಡಲು ಮೆಟ್ಟಿಲು ಹತ್ತಬೇಡಿ, ಅದು ಖಾಲಿ ಮನೆ ಇದ್ದ ಹಾಗೆ. ನೀವು ನಿಮ್ಮ ಇಡ್ಲಿ ನೋಡ್ಕೊಳ್ಳಿ ಅಣ್ಣಾ."

ಗಲ್ಲಾದ ಹತ್ತಿರ ನಾನೇ ನಿಂತಿದ್ದೆ. ಮಾವನ ಬೆರಳು ಇನ್ನೂ ಎತ್ತಿದ ಹಾಗೆಯೇ ಇತ್ತು. ಮೆಲ್ಲಗೆ ಇಳಿಸಿದರು. ಯಾರೋ ಬಿಲ್ಲಿನ ದುಡ್ಡು ಕೊಟ್ಟರು, ಚಿಲ್ಲರೆ ಕೊಡಲು ಮಾವ ಮರೆತರು. ನಲವತ್ತನಾಲ್ಕು ವರ್ಷ ಈ ಗಲ್ಲಿಗೆ ಉಣ್ಣಲು ಹಾಕಿದ ಮನುಷ್ಯ, ಮರ್ಯಾದೆ ಅಂತ ತಿಳಿದುಕೊಂಡದ್ದು ಅಡ್ಡಗೆರೆ ಆಗಿತ್ತಲ್ಲ!

ಸಂಕ್ರಾಂತಿಯ ದಿನ ರೇಷ್ಮಾ ಅರಶಿನ-ಕುಂಕುಮಕ್ಕೆ ಬಂದಳು. ಪ್ರಚಾರ ಮುಗಿದಿತ್ತು. ಗಂಟಲು ಕೂತು ಹೋಗಿತ್ತು, ಚಪ್ಪಲಿಯ ಬಾರು ಕಿತ್ತು ಪಿನ್ನು ಹಾಕಿಕೊಂಡಿದ್ದಳು. ಅತ್ತೆಯ ಕಾಲಿಗೆ ಬಿದ್ದು ಎಳ್ಳುಂಡೆ ಕೈಗಿಟ್ಟಳು. ವೋಟಿನ ಮಾತೇ ಎತ್ತಲಿಲ್ಲ. "ಮಾವಶೀ, ಹಸಿವು," ಅಂದಳು ಅತ್ತೆಗೆ, ಚಿಕ್ಕಮ್ಮನಿಗೆ ಅನ್ನುವ ಹಾಗೆ, ಅಷ್ಟೇ. ಅತ್ತೆ ಬಿಸಿ ಗಂಜಿ ಬಡಿಸಿ, ಮಿಡಿಯ ಎರಡು ತುಂಡು ಹಾಕಿ, ಅವಳು ಉಂಡು ಮುಗಿಯುವವರೆಗೆ ಎದುರು ಕೂತರು. ಮಾವ ಆ ಕಡೆಯಿಂದ ಹಾದು ಹೋದವರು, "ಸರಿಯಾಗಿ ಬಡಿಸು ಅವಳಿಗೆ," ಅಂದರು.

ಅವಳು ಹೋದ ಮೇಲೆ ಮಾವ ಅಶ್ವಿತಾಳನ್ನು ಕರೆದರು. "ಆ ಪಟ್ಟಿಯಲ್ಲಿ ನನ್ನ ಹೆಸರು ನಿಜವಾಗಿ ಉಂಟಾ?"

ಅವಳು ಫೋನಿನಲ್ಲಿ ತೆಗೆದು ತೋರಿಸಿದಳು. ಕೃಷ್ಣರಾಜ, ಗುಣವತಿ, ರಾಕೇಶ, ಹರ್ಷಿಣಿ, ಅಶ್ವಿತಾ. ಐದು ಹೆಸರೂ ಸಾಲಾಗಿ ಒಂದರ ಕೆಳಗೆ ಒಂದು. ಮಾವ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಫೋನು ವಾಪಸು ಕೊಟ್ಟರು.

ಮರುದಿನ ವೋಟು. ಮಾವ ಆರು ಗಂಟೆಗೇ ಹೋಗಿ ಗಲ್ಲಾದಲ್ಲಿ ಕೂತರು. ಅತ್ತೆ ಸ್ನಾನ ಮಾಡಿ, ನನ್ನ ಮದುವೆಗೆ ಉಟ್ಟ ಹಸಿರು ರೇಷ್ಮೆ ಸೀರೆ ಉಟ್ಟು, ಮುಡಿಗೆ ಅಬ್ಬಲಿಗೆ ಮುಡಿದು ಗಲ್ಲಾದ ಎದುರಿಂದಲೇ ನಡೆದರು. "ಬರ್ತೇನೆ," ಅಂದರು. ಮಾವ ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾನೂ ಅಶ್ವಿತಾಳೂ ಹಿಂದೆ.

ಶಾಲೆಯಲ್ಲಿ ಸಾಲು ಉದ್ದ ಇರಲಿಲ್ಲ. ಅತ್ತೆ ಶಾಯಿ ಹಾಕಿಸಿಕೊಂಡು, ಬೆರಳನ್ನೊಮ್ಮೆ ನೋಡಿಕೊಂಡು, ರಟ್ಟಿನ ಮರೆಗೆ ಹೋದರು. ಹತ್ತೇ ಸೆಕೆಂಡಿನಲ್ಲಿ ಹೊರಗೆ ಬಂದು ಬಾಗಿಲು ದಾಟಿದರು. ಮಷಿನು ಕೂಗಲಿಲ್ಲ. ಆಫೀಸರು ಕುರ್ಚಿಯಿಂದ ಎದ್ದು ಕಿರುಚಿದರು: "ಆಜೀ! ಓ ಆಜೀ! ಇನ್ನೂ ಮೂರು ಬಾಕಿ!"

ನಮ್ಮ ವಾರ್ಡಿನಲ್ಲಿ ನಾಲ್ಕು ಸೀಟು, ಒಬ್ಬೊಬ್ಬರಿಗೆ ನಾಲ್ಕು ವೋಟು. ನಾಲ್ಕೂ ಒತ್ತದೆ ಮಷಿನು ಬಿಡುವುದಿಲ್ಲ. ಅಶ್ವಿತಾ ಬೀದಿಯಲ್ಲೆಲ್ಲ ಇದನ್ನೇ ನಾಟಕ ಮಾಡಿ ತೋರಿಸಿದ್ದಳು, ಮನೆಯಲ್ಲಿ ಹೇಳಲು ಮರೆತಿದ್ದಳು!

"ನಂಗೆ ಬೇಕಾದ್ದು ಒಂದೇ," ಅತ್ತೆ ಬಾಗಿಲಲ್ಲೇ ನಿಂತು ಹೇಳಿದರು. "ಬೇಡದ್ದನ್ನು ಬಾಳೆಯಲ್ಲಿ ಬಿಟ್ಟು ಏಳುವುದಿಲ್ವಾ?"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಆಫೀಸರು ತಲೆ ಹಿಡಿದುಕೊಂಡು, ಯಾರೂ ಬೇಡ ಅನ್ನುವ ಬಟನ್ನೂ ಉಂಟು, ಒತ್ತಿ ಹೋಗಿ ಅಂತ ಕೈ ಮುಗಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ವಾಪಸು ಹೋದರು. ಈ ಸಲ ಸಾವಕಾಶ ತಗೊಂಡರು. ಕೊನೆಗೆ ಮಷಿನು ಉದ್ದಕ್ಕೆ ಕೂಗಿದಾಗ ಹೊರಗಿನಿಂದ ಚಪ್ಪಾಳೆ.

ನಾವೂ ಹಾಕಿ ಅಂಗಳಕ್ಕೆ ಬಂದೆವು. ಗೇಟಿನ ಕಡೆ ನೋಡಿದರೆ ನನಗೆ ನಂಬಲಿಕ್ಕೇ ಆಗಲಿಲ್ಲ. ಬಿಳಿ ಪಂಚೆ, ಇಸ್ತ್ರಿ ಶರ್ಟು, ನಮ್ಮ ಮಾವ! ಪಕ್ಕದಲ್ಲಿ ರಾಕೇಶ. ಹಿಂದೆ ಏಳೆಂಟು ಜನ ಗಿರಾಕಿಗಳು, ಒಬ್ಬರ ಬಾಯಲ್ಲಿ ಇನ್ನೂ ವಡೆ.

"ಹೋಟೆಲು?" ಅಂದೆ.

"ಶಟರು ಎಳೆದೆ," ಅಂದರು ಮಾವ. "ಟೇಬಲ್ಲಿಗೆ ಹೋಗಿ ಒಬ್ಬೊಬ್ಬರದ್ದೇ ಬೆರಳು ನೋಡಿದೆ. ಶಾಯಿ ಇಲ್ಲದವರನ್ನೆಲ್ಲ ಎಬ್ಬಿಸಿ ಕರ್ಕೊಂಡು ಬಂದೆ. ಹಾಕಿ ಬನ್ನಿ, ಆಮೇಲೆ ಬಿಸಿ ಚಹಾ ಕೊಡ್ತೇನೆ ಅಂದೆ."

"ಬಿಸಿ ಸಾಂಬಾರು ಯಾರು ಕೊಡ್ತಾರೆ?" ಅಂದರು ಅತ್ತೆ.

ಮಾವ ಅವರ ಬೆರಳು ನೋಡಿದರು. ಸೀರೆ ನೋಡಿದರು. "ಚಂದ ಕಾಣ್ತಿ," ಅಂದರು. ಇಪ್ಪತ್ತೊಂದು ವರ್ಷದಲ್ಲಿ ನಾನು ಆ ಮಾತು ಕೇಳಿದ್ದೇ ಇಲ್ಲ. ಅತ್ತೆ ಕೆಂಪಾಗಿ, ಅದನ್ನು ಮುಚ್ಚಿಕೊಳ್ಳಲು ಗದರಿಸಿದರು: "ಒಳಗೆ ಹೋಗಿ ಮಾನ ತೆಗೀಬೇಡಿ. ನಾಲ್ಕು ಒತ್ಬೇಕು."

"ನಾಲ್ಕಾ!" ಮಾವನ ಮುಖ ಅರಳಿತು. "ನಾಲ್ಕು ವೋಟು ಉಂಟಾ? ಹಾಗಾದ್ರೆ ನಾಲ್ಕು ಕಡೆಗೂ ಒಂದೊಂದು ಹಾಕ್ಬಹುದಲ್ಲ ಮಾರಾಯ್ತಿ! ಮೊದಲೇ ಹೇಳುವುದಲ್ವಾ!"

ಅವರು ಎಲ್ಲಿ ಒತ್ತಿದರೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ.

ಮರುದಿನ ಎಣಿಕೆ. ರೇಷ್ಮಾ ಗೆದ್ದಳು, ನೂರಾ ಹದಿನೇಳು ವೋಟಿನಿಂದ. ನಮ್ಮ ಗಲ್ಲಿಯಲ್ಲಿ ನೂರಕ್ಕೆ ಅರವತ್ತನಾಲ್ಕು ಬಿದ್ದಿತ್ತು ಅಂತ ಅಶ್ವಿತಾ ಕುಣಿದಾಡಿದಳು. ಉಮಾಶ್ರೀ ಚಿಕ್ಕಮ್ಮ ಫೋನಿನಲ್ಲಿ ಎಷ್ಟು ಕೂಗಿದರೆಂದರೆ ಫೋನೇ ಬೇಕಿರಲಿಲ್ಲ. ಗಲ್ಲಿಯ ಪ್ರತಿ ಮನೆಯವರೂ ತಮ್ಮಿಂದಲೇ ಗೆದ್ದದ್ದು ಅಂತ ಹೇಳಿಕೊಂಡು ತಿರುಗಿದರು. ನಾನೂ ಹೇಳಿಕೊಂಡೆ, ಯಾಕೆ ಬಿಡಲಿ?

ಅದರ ಮರುದಿನ ಬೆಳಿಗ್ಗೆ ಏಳಕ್ಕೆ ಪ್ರಭಾಕರ ಭಾವು ಬಂದರು. ಹನ್ನೆರಡು ಜನ ಇರಲಿಲ್ಲ, ಒಬ್ಬರೇ. ನನಗೆ ಮಗುಚಿದ ಕೊಪ್ಪರಿಗೆಯ ಕತೆ ನೆನಪಾಗಿ ಒಲೆಯ ಹತ್ತಿರ ಹೋಗಿ ನಿಂತೆ. ಭಾವು ನಾಲ್ಕನೇ ಟೇಬಲ್ಲಿಗೆ ಹೋಗದೆ ಗಲ್ಲಾಕ್ಕೆ ಬಂದರು. ಮಾವ ಯಾವಾಗಲೂ ಎತ್ತುವ ಬೆರಳನ್ನು ಈ ಸಲ ಎತ್ತಲಿಲ್ಲ. ಎಡಗೈಯನ್ನು ಗಲ್ಲಾದ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು ಕೂತರು. ಉಗುರಿನ ಬುಡದಲ್ಲಿ ಕಪ್ಪು ಗೆರೆ.

ಭಾವು ಅದನ್ನು ನೋಡಿದರು. "ಅಣ್ಣಾ... ನೀವೂ?"

"ಹೌದು ಭಾವು." ಮಾವ ಕೈ ಅಲ್ಲೇ ಇಟ್ಟುಕೊಂಡರು. "ಮುಂದಿನ ಸಲ ಚೀಟಿ ನಮ್ಮ ಮನೆಗೂ ಕಳಿಸಿ. ಐದು ಜನ ಇದ್ದೇವೆ."

ಭಾವು ಕುರ್ಚಿ ಎಳೆದು ಗಲ್ಲಾದ ಪಕ್ಕದಲ್ಲೇ ಕೂತರು. ದೀಪಕ ಚಹಾ ತಂದಿಟ್ಟ, ಕಪ್-ಬಶಿಯಲ್ಲಿ. ಭಾವು ಅದನ್ನು ನೋಡಿ ಒಮ್ಮೆ ಉಸಿರು ಬಿಟ್ಟರು, ಬಶಿಗೆ ಸುರಿದುಕೊಂಡರು, ಸೊರ್ ಅಂತ ಕುಡಿದರು. "ಸ್ಟೀಲು ಗ್ಲಾಸಲ್ಲಿ ನಾಲಿಗೆ ಸುಟ್ಟುಕೊಂಡು ಸಾಕಾಗಿತ್ತು ಅಣ್ಣಾ," ಅಂದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ನಮ್ಮದೇ ಬಿಲ್ಲಿನ ಚೀಟಿ ಹರಿದುಕೊಂಡು, "ಹೂಂ, ಹೆಸರು ಹೇಳಿ," ಅಂದರು.

"ಕೃಷ್ಣರಾಜ," ಅಂದರು ಮಾವ. "ರಾಕೇಶ. ಹರ್ಷಿಣಿ. ಅಶ್ವಿತಾ."

ಒಳಗೆ ಅತ್ತೆ ಅಂಗೈಯಲ್ಲಿದ್ದ ಎರಡು ಹನಿ ನೆಕ್ಕಿ, "ಉಪ್ಪು ಸರಿ ಉಂಟು, ಹೊರಗೆ ಕಳಿಸು," ಅಂತ ನನಗೆ ಹೇಳಿ, ಹೊರಗಿನ ಕಡೆ ಕತ್ತು ಚಾಚಿ ಕೂಗಿದರು:

"ನಾಲ್ಕೇ ಬರ್ಕೊಂಡು ಹೋಗ್ಬೇಡಿ ಭಾವು! ಗುಣವತಿ ಅಂತ ಬರೀರಿ. ಎಲ್ಲರಿಗಿಂತ ಮೇಲೆ ಬರೀರಿ!"